ಗುಬ್ಬಕ್ಕನ ಬದನೆ ಬಣ್ಣದ ಟಾರ್ಪಾಲು

ಅಣ್ಣ ಆ ಗಂಟನ್ನು ತಂದು ಊಟದ ಮೇಜಿನ ಮೇಲೆ ದೊಪ್ಪೆಂದು ಹಾಕಿದ ಹೊಡೆತಕ್ಕೆ ಗುಬ್ಬಕ್ಕನ ಟೀ ಲೋಟ ಒಂದು ಸಲ ಹಾರಿ ಮತ್ತೆ ಕೂತಿತು.

"ಬಿಚ್ಚು," ಎಂದ. "ನಿನಗೇ ಅದು."

ಬಿಚ್ಚಿದಳು. ಹಸಿರು ಕ್ಯಾನ್ವಾಸಿನ ಟಾರ್ಪಾಲು. ಅಂಚಿಗೆಲ್ಲ ಎರಡೆರಡು ಸಾಲು ಹೊಲಿಗೆ, ಮೂಲೆ ಮೂಲೆಗೆ ಹಿತ್ತಾಳೆಯ ರಿಂಗು, ರಿಂಗಿನ ಸುತ್ತ ಚರ್ಮದ ತೇಪೆ. ಒಂದು ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ 'ಗುಬ್ಬಿ' ಎಂದು ಬರೆದಿತ್ತು. ಬರೆದವನು ಅಣ್ಣನೇ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೊದಲ ಅಕ್ಷರ ಕುಂಬಳಕಾಯಿಯಷ್ಟು, ಎರಡನೆಯದು ಜಾಗ ಸಾಲದೆ ನಿಂಬೆಹಣ್ಣಿನಷ್ಟು.

"ನಮ್ಮ ಶೆಡ್ಡಲ್ಲಿ ಇರೋದ್ರಲ್ಲೇ ತೆಳ್ಳಗಿನ ಬಟ್ಟೆ. ನಾನೇ ಕೂತು ಹೊಲ್ದಿದೀನಿ," ಎಂದು ಅಣ್ಣ ಎದೆಯುಬ್ಬಿಸಿದ. "ಆಲಿಕಲ್ಲೇ ಬೀಳ್ಲಿ, ಒಂದು ಹನಿ ಒಳಗೆ ಬಂತು ಅಂದ್ರೆ ಬಂದು ನನ್ನ ಕೇಳು."

ಗುಬ್ಬಕ್ಕ ಎಡಗೈಯಲ್ಲಿ ಅದನ್ನು ಎತ್ತಲು ನೋಡಿದಳು. ಭುಜದಲ್ಲಿ ಚಳಕ್ ಎಂದಿತು. ಬಲಗೈ ಸೇರಿಸಿ ಎತ್ತಿದಳು. ಏಳು ಕಿಲೋ ಇತ್ತು ಅದು. ಬದುಕೆಲ್ಲ ಕ್ಯಾನ್ವಾಸ್ ಎತ್ತಿದ ಕೈಗೆ ತಕ್ಕಡಿ ಬೇಕಾಗುವುದಿಲ್ಲ.

ಗುಬ್ಬಕ್ಕ ಹೆಸರಿಗೆ ಮಾತ್ರ ಗುಬ್ಬಿ. ಅವಳು ಬಾಗಿಲಲ್ಲಿ ನಿಂತರೆ ಒಳಗಿನವರು ದೀಪ ಹಾಕಿಕೊಳ್ಳಬೇಕು, ಅಂಥ ಆಳು. ಅಂಗೈಯಗಲ ಫ್ರಾಕು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಅಣ್ಣ ಇಟ್ಟ ಅಡ್ಡಹೆಸರು ಅದು. ಐವತ್ತು ದಾಟಿ ತಲೆ ನರೆತರೂ ಅವನಿಗೆ ಅವಳು ಗುಬ್ಬಿಯೇ, ಅವನ ಕೆಲಸಗಾರರಿಗೆಲ್ಲ ಗುಬ್ಬಕ್ಕ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ 'ಪುರುಸೊತ್ತಾಗಲಿಲ್ಲ' ಎನ್ನುತ್ತಿದ್ದಳು, ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಿದ್ದಳು. ಕೆಳಗೆ ಅಣ್ಣ, ಅತ್ತಿಗೆ. ಅದರ ಹಿಂದೆ ಅಂಗಳ, ಅಂಗಳದಾಚೆ ಲಾರಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುವ ಉದ್ದನೆಯ ಶೆಡ್ಡು. ಅಪ್ಪ ಶುರುಮಾಡಿದ್ದು, ಅಣ್ಣ ನಡೆಸುತ್ತಿರುವುದು, ಗುಬ್ಬಕ್ಕ ಹೊಲಿಯುತ್ತಿರುವುದು.

ಲಾರಿಯ ಟಾರ್ಪಾಲು ಹೊಲಿಯುವುದೆಂದರೆ ರವಿಕೆ ಹೊಲಿದಂತಲ್ಲ. ಬಲಗೈಯಲ್ಲಿ ಬಟ್ಟೆಯನ್ನು ಸೂಜಿಯ ಕೆಳಗೆ ದೂಡಬೇಕು, ಎಡಗೈಯಲ್ಲಿ ಹೊಲಿದಾದ ಭಾಗವನ್ನೆಲ್ಲ ಆಚೆ ಎಳೆಯಬೇಕು. ಹೊಲಿದಷ್ಟೂ ಆಚೆಯ ರಾಶಿ ಬೆಳೆಯುತ್ತದೆ. ಕೊನೆಕೊನೆಗೆ ಅದನ್ನು ಎಳೆಯುವುದು ಮಲಗಿದ ಎಮ್ಮೆಯನ್ನು ಎಬ್ಬಿಸಿದ ಹಾಗೆ. ಹೀಗೆ ಎಳೆದೂ ಎಳೆದೂ ಗುಬ್ಬಕ್ಕನ ಎಡ ಭುಜ ಕೈಕೊಟ್ಟಿತ್ತು. ಆಚೆ ಕಡೆ ನಿಂತು ಭಾರ ಹಿಡಿಯಲು ಒಬ್ಬರನ್ನು ಕೊಡು ಎಂದು ಅವಳು ಅಣ್ಣನನ್ನು ಕೇಳಿದ್ದು ಒಂದು ಸಲವಲ್ಲ. "ಅಮ್ಮ ಒಬ್ಬಳೇ ಎಳೀತಿದ್ಲು ಕಣೇ," ಎನ್ನುತ್ತಿದ್ದ. ಅಮ್ಮ ಕೊನೆಗೆ ತಲೆ ಬಾಚಿಕೊಳ್ಳಲೂ ಕೈ ಎತ್ತಲಾರದೆ ಹೋದದ್ದನ್ನು ಅವನು ಮರೆತಿದ್ದ, ಗುಬ್ಬಕ್ಕ ಮರೆತಿರಲಿಲ್ಲ. ಅಮ್ಮನ ಜಡೆ ಹಾಕುತ್ತಿದ್ದವಳು ಅವಳೇ.

ಡಾಕ್ಟರು ಭಾರ ಎತ್ತಬೇಡಿ, ದಿನಾ ನಡೆಯಿರಿ ಎಂದರು. ಭಾರ ಎತ್ತದಿರುವುದು ಅವಳ ಕೈಯಲ್ಲಿರಲಿಲ್ಲ. ನಡೆಯುವುದು ಇತ್ತು. ಹಾಗಾಗಿ ಒಬ್ಬ ನಿವೃತ್ತ ನರ್ಸಮ್ಮ ನಡೆಸುತ್ತಿದ್ದ ಭಾನುವಾರದ ನಡಿಗೆಯ ಗುಂಪಿಗೆ ಸೇರಿಕೊಂಡಳು. ಒಂದು ದಿನ ಮಧ್ಯಾಹ್ನ, ಊರಾಚೆಯ ಮರಗಳ ನಡುವೆ, ನರ್ಸಮ್ಮ ಚೀಲದಿಂದ ಒಂದು ಹಿಡಿ ಬಟ್ಟೆ ತೆಗೆದು ಎರಡು ಮರಕ್ಕೆ ಕಟ್ಟಿ ಜೋಲಿ ಮಾಡಿ, "ಸ್ವಲ್ಪ ಹೊತ್ತು ಮಲಗಿ ನೋಡಿ," ಎಂದರು. ತನ್ನ ಗಾತ್ರಕ್ಕೆ ಮರವೇ ಬಾಗೀತೆಂದು ಹೆದರುತ್ತಲೇ ಗುಬ್ಬಕ್ಕ ಮಲಗಿದಳು. ಜೋಲಿ ಅವಳನ್ನು ಎಲ್ಲ ಕಡೆಯಿಂದಲೂ ಹಿಡಿದುಕೊಂಡಿತು. ಭುಜಕ್ಕೆ ಒತ್ತುವ ಹಾಸಿಗೆಯಿಲ್ಲ, ಒತ್ತುವ ಗೋಡೆಯಿಲ್ಲ. ಅವಳು ಎಲ್ಲರೆದುರೂ ಬಾಯಿ ತೆರೆದುಕೊಂಡು ಗೊರಕೆ ಹೊಡೆದು ನಿದ್ದೆ ಮಾಡಿದಳು. ಎದ್ದಾಗ ಭುಜ ನೋಯುತ್ತಿರಲಿಲ್ಲ. ಬುತ್ತಿ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿ ಒಂದಿಷ್ಟು ಅತ್ತುಬಿಟ್ಟಳು.

ತಿಂಗಳ ಕೊನೆಯಲ್ಲಿ ಗುಂಪು ಕಾಡಿನಲ್ಲಿ ಒಂದು ರಾತ್ರಿ ತಂಗುವುದಿತ್ತು. ಹೋಗಿಯೇ ತೀರುತ್ತೇನೆಂದು ಗುಬ್ಬಕ್ಕ ಆವತ್ತೇ ನಿಶ್ಚಯಿಸಿದಳು. ಜೋಲಿಯನ್ನೂ ಕೊಂಡು ತಂದಳು. "ಈ ವಯಸ್ಸಲ್ಲಿ ತೊಟ್ಟಿಲಾ?" ಎಂದು ಅಣ್ಣ ಕೆಮ್ಮು ಬರುವವರೆಗೂ ನಕ್ಕಿದ್ದ. ನರ್ಸಮ್ಮನದು ಒಂದೇ ಕಟ್ಟುನಿಟ್ಟು: ಅವರವರ ಚೀಲ ಅವರವರೇ ಹೊರಬೇಕು. ಹೊರಡುವ ಮುಂಚೆ ಚೀಲವನ್ನು ಕೊಕ್ಕೆಯ ತಕ್ಕಡಿಗೆ ನೇತುಹಾಕಿ ನೋಡುತ್ತಾರೆ. ಗುಬ್ಬಕ್ಕನ ಭುಜಕ್ಕೆ ಐದು ಕಿಲೋ, ಅದರ ಮೇಲೆ ಒಂದು ಬಾಚಣಿಗೆಯೂ ಇಲ್ಲ ಎಂದಿದ್ದರು. ಜೋಲಿ, ಹೊದಿಕೆ, ತಿಂಡಿ, ನೀರು ಎಲ್ಲ ಸೇರಿ ನಾಲ್ಕೂವರೆ ಆಗಿಹೋಗಿತ್ತು. ಇನ್ನು ತಲೆಯ ಮೇಲೊಂದು ಸೂರು ಬೇಕು, ಅದಕ್ಕೆ ಉಳಿದದ್ದು ಅರ್ಧ ಕಿಲೋ.

ಅಂಥ ಹೊತ್ತಿನಲ್ಲಿ ಅಣ್ಣ ಈ ಏಳು ಕಿಲೋ ಪ್ರೀತಿಯನ್ನು ತಂದು ಮೇಜಿನ ಮೇಲೆ ಹಾಕಿದ್ದ.

"ತುಂಬ ಚೆನ್ನಾಗಿದೆ ಅಣ್ಣ," ಎಂದಳು. "ಆದ್ರೆ ಹೊರೋಕಾಗಲ್ಲ."

"ನೀನ್ಯಾಕೆ ಹೊರ್ತೀಯ? ಜೀಪಿಲ್ವಾ? ನಾನೇ ತಂದು ಕಟ್ಟಿಕೊಟ್ಟು, ಅಲ್ಲೇ ಜೀಪಲ್ಲಿ ಮಲಗಿರ್ತೀನಿ. ಕಾಡಲ್ಲಿ ಒಬ್ಬಳೇ ಅಂದ್ರೇನು?"

"ಗುಂಪಿದೆ."

"ಗುಂಪು ಯಾರದು? ನಮ್ಮೋರಾ?"

ಅತ್ತಿಗೆ ಒಳಗಿನಿಂದ ಕೂಗಿ, ಹಾಗಿದ್ದರೆ ತಾನೂ ಬರುತ್ತೇನೆ, ಗ್ಯಾಸ್ ಒಲೆ ಇಟ್ಟುಕೊಂಡರೆ ಬಿಸಿಯಾಗಿ ಏನಾದರೂ ಮಾಡಬಹುದು ಎಂದರು. ಅಣ್ಣ ಮಡಚುವ ಕುರ್ಚಿಗಳ ಮಾತೆತ್ತಿದ. ಟೀ ಆರುವುದರೊಳಗೆ ಗುಬ್ಬಕ್ಕನ ಕಾಡಿನ ರಾತ್ರಿ ಅಣ್ಣನ ಮನೆಯ ಪಿಕ್ನಿಕ್ ಆಗಿತ್ತು. ಬೈಯುವವರ ಎದುರು ನಿಲ್ಲುವುದು ಸುಲಭ. ಮೂಲೆಯಲ್ಲಿ ಹೆಸರು ಬರೆದು ಕೊಡುವವರ ಎದುರು ನಿಲ್ಲುವುದಿದೆಯಲ್ಲ, ಯಾರಿಗೆ ಬೇಕು ಆ ಪಾಡು. ಆದರೂ ನಿಂತಳು.

"ಬೇಡ," ಎಂದಳು ಕಡ್ಡಿ ಮುರಿದಂತೆ. "ಜೀಪೂ ಬೇಡ, ಒಲೆಯೂ ಬೇಡ, ಇದೂ ಬೇಡ. ನನಗೆ ಬೇಕಾದ್ದನ್ನ ನಾನೇ ನೋಡಿ ತರ್ತೀನಿ."

ಅಣ್ಣನ ಮುಖ ಸಣ್ಣದಾಯಿತು. "ಟಾರ್ಪಾಲಿನ ಮನೇಲಿ ಹುಟ್ಟಿ ಅಂಗಡೀಲಿ ಟಾರ್ಪಾಲು ಕೊಂಡ್ಕೋತಾಳಂತೆ. ನಾಲ್ಕು ಜನ ಕೇಳಿದ್ರೆ ನಗ್ತಾರೆ."

"ನಗ್ಲಿ ಬಿಡು. ಅವರ ಹಲ್ಲು, ಅವರ ಬಾಯಿ."

ಬೆಟ್ಟ ಹತ್ತುವವರಿಗೆ ಸಾಮಾನು ಮಾರುವ ಅಂಗಡಿ ಊರಿನ ಇನ್ನೊಂದು ತುದಿಯಲ್ಲಿತ್ತು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಸಣಕಲು ಮನುಷ್ಯ. ಅವಳ ಗಾತ್ರವನ್ನೂ ಚಪ್ಪಲಿಯನ್ನೂ ನೋಡಿ ಮಕ್ಕಳಿಗೆ ಉಡುಗೊರೆ ಕೊಳ್ಳಲು ಬಂದವಳೆಂದುಕೊಂಡ. ಅವಳು ತನಗೇ ಎಂದಾಗ ಒಂದು ಗಳಿಗೆ ತಡೆದು, ಗಾಜಿನ ಕಪಾಟಿನಿಂದ ಎಲ್ಲಕ್ಕಿಂತ ಹಗುರವಾದದ್ದನ್ನು ತೆಗೆದುಕೊಟ್ಟ. ಹತ್ತು ಜನ ಮಲಗುವ ಚಾಪೆಯಗಲದ ಬಟ್ಟೆ ಅವಳ ಮುಷ್ಟಿಯೊಳಗೆ ಕೂತಿತು. ಬೆಲೆ ಕೇಳಿದಳು. ಕೇಳಿ, ಮಲಗಿದ ಮಗುವನ್ನು ಇಡುವ ಹಾಗೆ ಮೆಲ್ಲಗೆ ಅದನ್ನು ಮೇಜಿನ ಮೇಲೆ ಇಟ್ಟಳು.

"ಈ ದುಡ್ಡಿಗೆ ನಾನು ಇನ್ನೊಂದು ಮೆಷಿನ್ ತಗೋತೀನಿ. ಬಡವರಿಗೆ ಮಳೆ ಬರಲ್ವಾ ನಿಮ್ಮ ಕಾಡಲ್ಲಿ?"

ಅವನು ಈ ಸಲ ನೀಲಿ ಪ್ಲಾಸ್ಟಿಕ್ ಹಾಳೆ ತೋರಿಸಿದ. ಬಿಚ್ಚಿದರೆ ಪಟಪಟ ಸದ್ದು, ಎತ್ತಿದರೆ ಒಂದು ಕಿಲೋಗಿಂತ ಮೇಲೆ. ಗುಬ್ಬಕ್ಕ ಮೂಲೆಯ ರಿಂಗಿಗೆ ಕಿರುಬೆರಳು ತೂರಿಸಿ ಒಂದು ಸಲ ಎಳೆದಳು. ರಿಂಗು ಕಿತ್ತು ಉಂಗುರದಂತೆ ಬೆರಳಿನಲ್ಲೇ ಉಳಿಯಿತು. ಅದನ್ನು ಬಿಡಿಸಿ ಅವನ ಅಂಗೈಯಲ್ಲಿಟ್ಟು, "ಮುಂದಿಂದು ತೋರಿಸಿ," ಎಂದಳು.

ಮುಂದಿನದು ನೈಲಾನ್. ತೂಕ ಸರಿಯಿತ್ತು, ರಿಂಗಿನ ಬದಲು ಗಟ್ಟಿ ಪಟ್ಟಿಯ ಕುಣಿಕೆಗಳಿದ್ದವು, ಎಳೆದರೆ ಜಗ್ಗಲಿಲ್ಲ. ಒದ್ದೆಯಾದರೆ ಹೇಗೆ ಎಂದು ಕೇಳಿದಳು. ಅಂಗಡಿಯವನು ಸುಳ್ಳು ಹೇಳುವ ಪೈಕಿಯವನಲ್ಲ. ಸ್ವಲ್ಪ ಸಡಿಲವಾಗುತ್ತದೆ, ಮಳೆಯಲ್ಲಿ ಎದ್ದು ಹಗ್ಗ ಬಿಗಿಮಾಡಬೇಕಾಗುತ್ತದೆ ಎಂದ. "ಮಲಗೋಕೆ ಹೋಗ್ತಿದೀನಿ ಕಣಪ್ಪ, ಏಳೋಕಲ್ಲ," ಎಂದು ಅದನ್ನೂ ಬದಿಗಿಟ್ಟಳು.

ಕೊನೆಗೆ ಅವನು ಕೆಳಗಿನ ಪೆಟ್ಟಿಗೆಯ ತಳದಿಂದ ಒಂದನ್ನು ಎಳೆದು ತೆಗೆದ. ಪಾಲಿಯೆಸ್ಟರು. ಒದ್ದೆಯಾದರೂ ಜೋಲುವುದಿಲ್ಲ, ಕುಣಿಕೆ ಗಟ್ಟಿ, ಅರ್ಧ ಕಿಲೋಗೂ ಒಂದು ಚೂರು ಕಡಿಮೆ. ಬಣ್ಣ ಮಾತ್ರ ಬದನೆಕಾಯಿಯದು. ಆ ಬಣ್ಣಕ್ಕೇ ಯಾರೂ ಮುಟ್ಟದೆ ಅದು ತಳ ಸೇರಿತ್ತು. ಗುಬ್ಬಕ್ಕ ಎರಡೂ ಕೈ ಚಾಚಿ ಮಾರು ಹಾಕಿ ಅಳೆದಳು. ಜೋಲಿಯ ಎರಡು ತುದಿಗೂ ಒಂದೊಂದು ಗೇಣು ಹೆಚ್ಚಿಗೆ ಬರುತ್ತಿತ್ತು. ಬೆಲೆ ಕೇಳಿದರೆ, ಮೊದಲು ತೋರಿಸಿದ್ದರ ಕಾಲು ಭಾಗವೂ ಇಲ್ಲ.

"ಇಷ್ಟು ಕಡಿಮೆ ಯಾಕೆ? ಬಣ್ಣಕ್ಕಾ?"

"ಬಣ್ಣ ಒಂದು. ಇನ್ನೊಂದು, ಇದರ ನಡುವಿನ ಹೊಲಿಗೆ ಮುಚ್ಚಿಲ್ಲ. ಬೇರೆಯವಕ್ಕೆ ಕಂಪನೀಲೇ ಮುಚ್ಚಿರ್ತಾರೆ. ಇದಕ್ಕೆ ನೀವೇ ಮನೇಲಿ ಒಂದು ಥರದ ಅಂಟು..."

ಗುಬ್ಬಕ್ಕ ನಕ್ಕಳು. ಅಂಗಡಿಯಲ್ಲಿದ್ದ ಇನ್ನಿಬ್ಬರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. "ಹೊಲಿಗೆ ವಿಷಯ ನನಗೆ ಹೇಳ್ತೀರಾ? ನೀವು ಹುಟ್ಟೋ ಮುಂಚೆ ನಮ್ಮಪ್ಪ ಟಾರ್ಪಾಲು ಹೊಲೀತಿದ್ರು. ಹೊಲಿಗೆ ತಾನಾಗೇ ಮುಚ್ಕೊಳ್ಳುತ್ತೆ. ಕಟ್ಟಿಕೊಡಿ."

ಅಂಗಡಿಯವನು ಅವಳ ಮುಖವನ್ನೊಮ್ಮೆ ನೋಡಿ ಕಟ್ಟಿಕೊಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಕ್ಯಾನ್ವಾಸು ಹತ್ತಿಯ ಬಟ್ಟೆ. ಹೊಸ ಕ್ಯಾನ್ವಾಸಿನ ಮೇಲೆ ಮೊದಲ ಸಲ ನೀರು ಹಾಕಿದರೆ ಸೂಜಿಯ ತೂತುಗಳಿಂದ ತೊಟ್ಟಿಕ್ಕುವುದೇ. ಒಣಗಿಸಿ ಎರಡನೆಯ ಸಲ ಹಾಕುವ ಹೊತ್ತಿಗೆ ನೂಲು ಉಬ್ಬಿ ತೂತು ಮುಚ್ಚಿಕೊಂಡಿರುತ್ತದೆ. ಶೆಡ್ಡಿನವರು ಇದಕ್ಕೆ 'ನೀರು ಕುಡಿಸುವುದು' ಎನ್ನುತ್ತಾರೆ. ನೀರು ಕುಡಿಯದ ಟಾರ್ಪಾಲು ಅವರ ಗೇಟು ದಾಟುವುದಿಲ್ಲ. ಮೊದಲ ನೀರಿಗೆ ಸೋರಿತೆಂದು ಗಾಬರಿಯಾಗುವ ಗಿರಾಕಿಗಳನ್ನು ಕಂಡರೆ ಗುಬ್ಬಕ್ಕನಿಗೆ ನಗು ಬರುತ್ತಿತ್ತು.

ಬದನೆ ಬಣ್ಣದ ಟಾರ್ಪಾಲು ಕಂಡು ಅಣ್ಣ ಅದನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದ. "ಇದೇನು, ಈರುಳ್ಳಿ ಸಿಪ್ಪೆನಾ?" ಎಂದ. ಕೆಲಸಗಾರರು ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ಒಬ್ಬೊಬ್ಬರಾಗಿ ಉಜ್ಜಿದರು. ಒಬ್ಬ ಊದಿ ನೋಡಿದ. ಗುಬ್ಬಕ್ಕನಿಗೆ ಮೈಯೆಲ್ಲ ಉರಿಯಿತು.

"ಉಜ್ಜಿ ನೋಡೋದಲ್ಲ. ನೀರು ಹಾಕಿ ನೋಡು. ಎಲ್ರೂ ಇರಿ ಇಲ್ಲೇ."

ಅಂಗಳದ ಎರಡು ಕಬ್ಬಿಣದ ಕಂಬಗಳಿಗೆ ಜೋಲಿ ಕಟ್ಟಿದಳು. ಮೇಲೆ ಹಗ್ಗ ಬಿಗಿದು ಟಾರ್ಪಾಲು ಹರಡಿದಳು. ಒಳಗೆ ಹೋಗಿ ಮಹಾರಾಣಿಯಂತೆ ಕಾಲು ಚಾಚಿ ಮಲಗಿ, "ಬಿಡು," ಎಂದು ಕೂಗಿದಳು. ಅಣ್ಣ ಹೋಸ್ ಪೈಪು ಎತ್ತಿ ಹಿಡಿದ.

ಮೊದಲ ಹನಿ ಮೂಗಿನ ಮೇಲೆ ಬಿತ್ತು. ಎರಡನೆಯದು ಗಲ್ಲಕ್ಕೆ. ಆಮೇಲೆ ನಡು ಹೊಲಿಗೆಯ ಉದ್ದಕ್ಕೂ, ನೆತ್ತಿಯಿಂದ ಪಾದದವರೆಗೆ, ಸಾಲಾಗಿ.

"ಮೊದಲ ನೀರು!" ಎಂದು ಒಳಗಿನಿಂದ ಕೂಗಿದಳು. "ಕುಡೀಲಿ, ಕುಡೀಲಿ!"

ಒಣಗಿಸಿದರು. ಎರಡನೆಯ ಸಲ ನೀರು ಬಿಟ್ಟರು. ಅದೇ ಮೂಗು, ಅದೇ ಗಲ್ಲ. ಗುಬ್ಬಕ್ಕ ಹಟ ಬಿಡಲಿಲ್ಲ. ಹೊಸ ಬಟ್ಟೆ, ಬಾಯಾರಿಕೆ ಜಾಸ್ತಿ ಎಂದಳು. ಮೂರನೆಯ ಸಲಕ್ಕೆ ಅವಳ ರವಿಕೆ ಬೆನ್ನಿಗಂಟಿತ್ತು, ಜೋಲಿಯ ತಳದಲ್ಲಿ ನೀರು ನಿಂತು ಅವಳು ಟಬ್ಬಿನಲ್ಲಿ ಮಲಗಿದಂತಾಗಿತ್ತು. ಕೆಲಸಗಾರರು ಕ್ಯಾನ್ವಾಸು ಎಳೆಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು. ಅವರ ಹೆಗಲುಗಳು ಕುಲುಕುತ್ತಿದ್ದವು.

ಅಣ್ಣ ನಗಲಿಲ್ಲ. ನಲ್ಲಿ ನಿಲ್ಲಿಸಿ ಹತ್ತಿರ ಬಂದು ಅವಳು ಏಳಲು ಕೈಕೊಟ್ಟ. "ಬಿಡು ಗುಬ್ಬಿ. ಜೀಪ್ ತಗೊಂಡು ಬರ್ತೀನಿ. ಹಸಿರು ಟಾರ್ಪಾಲು ಒಳಗೇ ಇದೆ," ಎಂದ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಒದ್ದೆ ಟಾರ್ಪಾಲನ್ನು ಕಂಕುಳಲ್ಲಿ ಅವುಚಿಕೊಂಡು ಮಹಡಿ ಹತ್ತಿದಳು.

ಮೇಲೆ ಕೂತು ತಲೆ ಒರೆಸಿಕೊಳ್ಳುವಾಗ ಅವಳಿಗೆ ಸಿಟ್ಟು ಬಂದದ್ದು ಅಣ್ಣನ ಮೇಲಲ್ಲ. ಪಾಲಿಯೆಸ್ಟರಿನ ನೂಲು ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ಕು ನೀರು ಕುಡಿಯುವುದುಂಟೆ? ಉಬ್ಬುವುದುಂಟೆ? ಮಳೆಗಾಲದಲ್ಲಿ ಬಕೆಟ್ಟು ಉಬ್ಬಿದ್ದನ್ನು ಯಾರಾದರೂ ಕಂಡಿದ್ದಾರೆಯೆ? ಇಷ್ಟು ಸಣ್ಣ ವಿಷಯ ಹೊಳೆಯದೆ ಹೋಗಲು ಕಾರಣ ಒಂದೇ. ಭಾರವಿಲ್ಲದ್ದು ಟಾರ್ಪಾಲೇ ಅಲ್ಲ ಎಂದು ಅಣ್ಣ ಹೇಗೆ ಹಟ ಹಿಡಿದಿದ್ದನೋ, ಹೊಲಿಗೆಯೆಂದರೆ ತಮ್ಮ ಶೆಡ್ಡಿನ ಹೊಲಿಗೆಯೇ ಎಂದು ಅವಳೂ ಹಾಗೇ ಹಿಡಿದಿದ್ದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮೇಲೆ ಇನ್ನೇನಾಗುತ್ತದೆ ಎಂದುಕೊಂಡು ಅವಳಿಗೆ ನಗುವೂ ಬಂತು.

ಮರುದಿನ ಅಂಗಡಿಗೆ ಹೋಗಿ ನಿಂತಳು. ಅಂಗಡಿಯವನು ಕನ್ನಡಕ ಕೆಳಗಿಳಿಸಿ ನೋಡಿದ.

"ಅವತ್ತು ಏನೋ ಅಂಟು ಅಂದ್ರಲ್ಲ," ಎಂದಳು ಗೋಡೆಯ ಕಡೆ ನೋಡುತ್ತ. "ಈಗ ಹೇಳಿ. ನಗೋದಿದ್ರೆ ಮೊದಲು ನಕ್ಕುಬಿಡಿ."

ಅವನು ನಗಲಿಲ್ಲ. ತಾನೂ ಮೊದಲ ಸಲ ಕಾಡಿನಲ್ಲಿ ಇಲಿಯಂತೆ ನೆಂದಿದ್ದೆ ಎಂದ. ಕಿಟಕಿಗೆ ಗಾಜು ಕೂರಿಸುವವರು ಸಂದಿಗೆ ತುಂಬುತ್ತಾರಲ್ಲ, ಆ ಬಣ್ಣವಿಲ್ಲದ ಸಿಲಿಕೋನ್ ಅಂಟು ಒಂದು ಟ್ಯೂಬು ಸಾಕು. ಬಣ್ಣಕ್ಕೆ ಬೆರೆಸುವ ಥಿನ್ನರ್ ಹಾಕಿ ಜೇನಿನಷ್ಟು ತೆಳ್ಳಗೆ ಮಾಡಿ, ಹೊಲಿಗೆಯ ಮೇಲೆ ಕುಂಚದಲ್ಲಿ ಬಳಿಯಬೇಕು. ಒಣಗಿದ ಮೇಲೆ ಒಂದಕ್ಕೊಂದು ಅಂಟದಿರಲು ಮುಖಕ್ಕೆ ಹಚ್ಚುವ ಪೌಡರು ಉದುರಿಸಬೇಕು. ಗುಬ್ಬಕ್ಕ ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಹೊರಡುವಾಗ, "ಆ ನೀಲಿ ಹಾಳೆಯ ರಿಂಗಿಗೆ ಚರ್ಮದ ತೇಪೆ ಹಾಕಿಸಿ, ನಿಲ್ಲುತ್ತೆ," ಎಂದು ಋಣ ತೀರಿಸಿದಳು.

ಮಹಡಿಯ ಬಿಸಿಲಲ್ಲಿ ಟಾರ್ಪಾಲು ಹರಡಿ ಅಂಟು ಬಳಿಯುತ್ತ ಕುಳಿತಿದ್ದಾಗ ಅತ್ತಿಗೆ ಹತ್ತಿ ಬಂದರು.

"ನನ್ನ ಪೌಡರ್ ಡಬ್ಬಿ ಕಾಣ್ತಿಲ್ಲ."

"ಇಲ್ಲಿದೆ ಅತ್ತಿಗೆ. ನಿಮ್ಮ ಮುಖಕ್ಕಿಂತ ಇದಕ್ಕೆ ಜಾಸ್ತಿ ಬೇಕಿತ್ತು."

ಅತ್ತಿಗೆ ಮೂಗು ಮುರಿದರೂ ಕೂತು ಬಟ್ಟೆಯ ಇನ್ನೊಂದು ತುದಿ ಬಿಗಿಯಾಗಿ ಹಿಡಿದುಕೊಂಡರು. ಇಬ್ಬರೂ ಸೇರಿ ಪೌಡರು ಉದುರಿಸಿದರು. "ಮತ್ತೆ ಟೆಸ್ಟ್ ಮಾಡ್ಬೇಕು ಅಂತ ನಿಮ್ಮಣ್ಣ ಪೈಪಿಗೆ ಹೊಸ ಮೂತಿ ತಂದಿದಾರೆ," ಎಂದರು ಅತ್ತಿಗೆ. "ಈ ಸಲ ನೀರು ಜೋರಾಗಿ ಬರುತ್ತಂತೆ."

"ತರ್ಲಿ."

"ಅಲ್ಲ, ಕಾಡಲ್ಲಿ ನಿಜವಾಗ್ಲೂ ಸೋರಿದ್ರೆ ಏನ್ಮಾಡ್ತೀಯ?"

"ನೆನೀತೀನಿ." ಗುಬ್ಬಕ್ಕ ಕುಂಚ ಎತ್ತಿ ಅತ್ತಿಗೆಯನ್ನು ನೋಡಿದಳು. "ನೆಂದ್ರೆ ಏನಾಗುತ್ತೆ ಅತ್ತಿಗೆ? ಆಮೇಲೆ ಒಣಗ್ತೀನಿ."

ಅತ್ತಿಗೆ ಡಬ್ಬಿಯಲ್ಲಿ ಉಳಿದಿದ್ದ ಪೌಡರನ್ನೂ ಪೂರ್ತಿ ಉದುರಿಸಿದರು.

ಶನಿವಾರ ಬೆಳಿಗ್ಗೆ ಗುಬ್ಬಕ್ಕ ಚೀಲ ಬೆನ್ನಿಗೇರಿಸಿಕೊಂಡು ಮೆಟ್ಟಿಲಿಳಿದಾಗ ಅಂಗಳದಲ್ಲಿ ಜಾತ್ರೆಯೇ ನೆರೆದಿತ್ತು. ಅಣ್ಣ ಹೊಸ ಮೂತಿಯ ಪೈಪು ಹಿಡಿದು ನಿಂತಿದ್ದ. ಕೆಲಸಗಾರರು ಕಂಬಗಳ ಸುತ್ತ ಜಾಗ ಬಿಟ್ಟು ಸಾಲಾಗಿ ನಿಂತಿದ್ದರು. ಗುಬ್ಬಕ್ಕ ಕಂಬಗಳನ್ನು ದಾಟಿ ನೇರ ಗೇಟಿನ ಕಡೆ ನಡೆದಳು.

"ಎಲ್ಲಿಗೆ? ಟೆಸ್ಟ್ ಆಗ್ಬೇಕಲ್ಲ!"

"ಇಲ್ಲ ಅಣ್ಣ."

"ಇಲ್ಲ ಅಂದ್ರೆ? ನೀರು ಕುಡೀದೆ ನಮ್ಮ ಗೇಟು ದಾಟಿದ್ದುಂಟಾ?"

ಗುಬ್ಬಕ್ಕ ನಿಂತಳು. ಕಳೆದ ವಾರ ತಾನೇ ಎಲ್ಲರನ್ನೂ ಕರೆದು ಪರೀಕ್ಷೆಗೆ ಮಲಗಿದ್ದು ನೆನಪಾಗಿ ನಾಚಿಕೆಯಾಯಿತು. ನಾಚಿಕೆ ಸೋರಿದ್ದಕ್ಕಲ್ಲ, ಮಲಗಿದ್ದಕ್ಕೆ. "ಈಗ ನೀರು ಬರ್ಲಿಲ್ಲ ಅಂತಿಟ್ಕೋ. ಆಗ ಗಾಳಿ ಅಂತೀಯ. ಗಾಳಿಗೆ ನಿಲ್ತು ಅಂದ್ರೆ ಕರಡಿ ಅಂತೀಯ. ಕರಡಿ ಟೆಸ್ಟ್ ಹೇಗೆ ಮಾಡ್ತೀಯ, ನೀನೇ ಬರ್ತೀಯಾ ನಾಲ್ಕು ಕಾಲಲ್ಲಿ?"

ಸಾಲಿನಲ್ಲಿ ಯಾರೋ ಪುಸಕ್ಕೆಂದು ನಕ್ಕರು. ಅಣ್ಣ ಆ ಕಡೆ ಕಣ್ಣು ಬಿಟ್ಟು ಮತ್ತೆ ಅವಳತ್ತ ತಿರುಗಿದ. ಅವನ ಮುಖದಲ್ಲಿ ಇದ್ದದ್ದು ಹೆದರಿಕೆ. ಅದು ಅವಳಿಗೆ ಕಂಡಿತು, ಆದರೂ ಕಾಲು ಹಿಂದೆ ಬರಲಿಲ್ಲ.

"ನೆಂದ್ಕೊಂಡು ಬಂದ್ರೆ ನನ್ನ ಮುಂದೆ ನಿಲ್ಬೇಡ," ಎಂದ.

"ನಿಂತೇ ನಿಲ್ತೀನಿ. ಇದು ನನ್ನ ಮನೇನೂ ಹೌದು. ಹೋಸ್ ಗಿಡಕ್ಕೆ ಬಿಡು ಅಣ್ಣ, ಪಾಪ, ಒಣಗಿ ನಿಂತಿದಾವೆ."

ಬಸ್ ನಿಲ್ದಾಣದಲ್ಲಿ ನರ್ಸಮ್ಮ ಅವಳ ಚೀಲವನ್ನು ಕೊಕ್ಕೆಗೆ ಹಾಕಿದರು. ಮುಳ್ಳು ಐದರ ಹತ್ತಿರ ಹೋಗಿ ಮುಟ್ಟದೆ ನಿಂತಿತು. ನರ್ಸಮ್ಮ ಮೂಸಿ ನೋಡಿ, "ಏನ್ರೀ ಇದು, ಚೀಲಕ್ಕೂ ಪೌಡರ್ ಹಾಕಿದೀರಾ?" ಎಂದರು.

ಕಾಡಿನಲ್ಲಿ ಸಂಜೆಯ ಬೆಳಕು ಇರುವಾಗಲೇ ಮಳೆ ಬಂತು. ಗುಬ್ಬಕ್ಕ ಆಗಷ್ಟೇ ಹಗ್ಗ ಕಟ್ಟಿ ಮುಗಿಸಿ ಜೋಲಿಯೊಳಗೆ ಹೊದಿಕೆ ಎಳೆದುಕೊಂಡಿದ್ದಳು. ಮೊದಲು ಒಂದೆರಡು ತಟಪಟ, ಆಮೇಲೆ ಮೇಲಿನಿಂದ ಯಾರೋ ಕಾಳು ಸುರಿದಂತೆ. ಅವಳು ಉಸಿರು ಬಿಗಿಹಿಡಿದು ನೆತ್ತಿಯ ಮೇಲಿನ ಹೊಲಿಗೆಯನ್ನೇ ನೋಡಿದಳು. ಕೈ ಎತ್ತಿ ಹೊಲಿಗೆಯ ಉದ್ದಕ್ಕೂ ಅಂಗೈ ಸವರಿದಳು. ಒಣಗಿತ್ತು. ಮತ್ತೊಂದು ಸಲ ಸವರಿದಳು. ಅಂಗೈಗೆ ಅತ್ತಿಗೆಯ ಪೌಡರು ಅಂಟಿತು, ನೀರು ಅಂಟಲಿಲ್ಲ. ಎತ್ತಿದ್ದು ಎಡಗೈ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಸ್ವಲ್ಪ ಹೊತ್ತಿಗೆ ಬಲಪಾದ ತಣ್ಣಗಾಯಿತು. ತಲೆ ಎತ್ತಿ ನೋಡಿದಳು. ಟಾರ್ಪಾಲನ್ನು ತಲೆಯ ಕಡೆಗೇ ಜಾಸ್ತಿ ಎಳೆದು ಕಟ್ಟಿಬಿಟ್ಟಿದ್ದಳು, ಹಾಗಾಗಿ ಕಾಲಿನ ತುದಿಯಲ್ಲಿ ಗಾಳಿಗೆ ಎರಚಲು ಬಡಿಯುತ್ತಿತ್ತು. ಎದ್ದು ಹೋಗಿ ಸರಿಮಾಡಬಹುದಿತ್ತು. ಪಕ್ಕದ ಮರಗಳಿಂದ, "ಎಲ್ಲ ಸರಿಯಾಗಿದೆಯೇನ್ರೀ?" ಎಂದು ನರ್ಸಮ್ಮ ಕೂಗಿದರು. "ಭರ್ಜರಿ!" ಎಂದು ಗುಬ್ಬಕ್ಕ ಕೂಗಿ ಹೇಳಿದಳು. ಕಾಲು ಮಡಚಿಕೊಂಡಳು. ಮಗ್ಗುಲಾದಳು. ಮಳೆ ಅವಳ ತಲೆಯಿಂದ ಒಂದು ಮೊಳ ಮೇಲೆ ಮನಬಂದಂತೆ ಕುಣಿಯುತ್ತಿತ್ತು. ಕುಣಿಯಲಿ ಎಂದುಕೊಂಡು ನಿದ್ದೆ ಹೋದಳು, ಹಕ್ಕಿ ಕೂಗುವವರೆಗೂ ಏಳಲಿಲ್ಲ.

ಭಾನುವಾರ ಮಧ್ಯಾಹ್ನ ಮನೆ ತಲುಪಿದಾಗ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ತಲೆಗೆ ಟವೆಲು, ಮೂಗು ಕೆಂಪಗೆ. ಜೀಪು ಗೇಟಿನ ಒಳಗೇ ನಿಂತಿತ್ತು, ಅದರ ಹಿಂದಿನ ಸೀಟಿನಲ್ಲಿ ಹಸಿರು ಟಾರ್ಪಾಲು ಮಡಚಿಟ್ಟಿತ್ತು.

ಅತ್ತಿಗೆ ಬಾಗಿಲಿಗೆ ಬಂದರು. "ಮಳೆ ಶುರುವಾದ್ದೇ ತಡ, ಹೊರಡೋಕೆ ನಿಂತ್ರು ನಿಮ್ಮಣ್ಣ. ಜೀಪಿನ ಬೀಗದ ಕೈ ನಾನು ಬಚ್ಚಿಟ್ಟಿದ್ದೆ. ಅಂಗಳ, ಶೆಡ್ಡು, ಜೀಪಿನ ಕೆಳಗೆ, ಎಲ್ಲಾ ಕಡೆ ಮಳೇಲಿ ಹುಡುಕಿದ್ರು."

"ಎಲ್ಲಿಟ್ಟಿದ್ರಿ ಅತ್ತಿಗೆ?"

"ಖಾಲಿ ಪೌಡರ್ ಡಬ್ಬೀಲಿ."

ಅಣ್ಣ ಜೋರಾಗಿ ಸೀನಿದ. ಸೀನಿ, ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೆಂದ್ಯಾ?"

"ಒಂದು ಕಾಲು ನೆನೀತು."

"ನಾನು ಹೇಳಿರ್ಲಿಲ್ವಾ!"

"ಹೇಳಿದ್ದೆ. ಕಾಲು ಮಡಚ್ಕೊಂಡೆ."

ಅಣ್ಣ ಕೈ ಚಾಚಿ ಅವಳ ಬೆನ್ನಿನಿಂದ ಚೀಲ ಇಳಿಸಿಕೊಂಡ. ಅಪ್ಪ ಹೊಸ ಬಟ್ಟೆ ಬಂದಾಗ ಮಾಡುತ್ತಿದ್ದಂತೆ ಅದನ್ನು ಅಂಗೈ ಮೇಲಿಟ್ಟು ಎರಡು ಸಲ ತೂಗಿ ನೋಡಿದ.

"ಇಷ್ಟೇನಾ?"

"ಇಷ್ಟೇ."

ಅವನು ಟವೆಲಿನಿಂದ ಮೂಗು ಒರೆಸಿಕೊಂಡ. ಆಮೇಲೆ ಮಾತು ಬದಲಾಯಿಸುವವನಂತೆ, "ನಾಳೆ ದೊಡ್ಡ ಲಾರಿದು ಟಾರ್ಪಾಲು ಇದೆ," ಎಂದ.

"ಗೊತ್ತು. ಮೆಷಿನ್ ಆಚೆ ಕಡೆ ನೀನು ನಿಂತ್ಕೋ."

"ನಾನಾ?"

"ಹೂಂ, ನೀನೇ. ಭಾರ ಇದ್ರೇನೇ ಒಳ್ಳೇದು ಅಂತೀಯಲ್ಲ ಅಣ್ಣ. ನಾಳೆಯಿಂದ ಅರ್ಧ ನಿಂದು. ನೀನು ಹಿಡೀಲಿಲ್ಲ ಅಂದ್ರೆ ನಾನು ಕೂರಲ್ಲ."

ಅಣ್ಣ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಬಾಗಿಲಿನ ಚಿಲಕ ನೋಡುತ್ತಿದ್ದರು. ಗುಬ್ಬಕ್ಕ ಅವನ ಕೈಯಿಂದ ಚೀಲ ತೆಗೆದುಕೊಂಡು, ಎಡ ಹೆಗಲಿಗೇ ಹಾಕಿಕೊಂಡು, ಮಹಡಿ ಹತ್ತಿ ಹೋದಳು.